ನಾಲ್ಕು ಹಳ್ಳಿಗಳ ಊರಿಗೆ ಫೋನು ಸಿಗದ ವಾರ

ಕೆನಡಾದ ಟೊರಾಂಟೊ ಪಕ್ಕದ ರಿಚ್ಮಂಡ್ ಹಿಲ್‌ನಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮೇಲೆ ಮನೆಯ ಒಡತಿ ಒಬ್ಬರೇ ಇದ್ದರು. ಇರಾನಿನವರು, ವಯಸ್ಸು ಅರವತ್ತೇಳು, ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು ವ್ಯಾಂಕೂವರಿನಲ್ಲಿ. ಅವರ ಭಾಷೆಯಲ್ಲಿ ಹಿರಿಯ ಹೆಂಗಸರನ್ನು ಖಾನಂ ಎಂದು ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ನಾನು ಬೀದರಿನವಳು. ಅಲ್ಲಿ ಐದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ೨೦೧೮ರಲ್ಲಿ ಇಲ್ಲಿಯ ಕಾಲೇಜೊಂದಕ್ಕೆ ಚಿಕ್ಕ ಮಕ್ಕಳ ಶಿಕ್ಷಣದ ಕೋರ್ಸಿಗೆ ಬಂದಿದ್ದೆ. ಮಧ್ಯಾಹ್ನ ಕ್ಲಾಸು, ಸಂಜೆ ಒಂದು ಕಾಫಿ ಅಂಗಡಿಯಲ್ಲಿ ಶಿಫ್ಟು. ಬೆಳಗಿನ ಹೊತ್ತು ಮಾತ್ರ ನನ್ನದು. ಆ ಹೊತ್ತನ್ನು ಹೆಚ್ಚಾಗಿ ಮೇಲೆ ಖಾನಂ ಅವರ ಅಡುಗೆಮನೆಯಲ್ಲಿ ಕಳೆಯುತ್ತಿದ್ದೆ, ಕೆಳಗೆ ನನ್ನ ಕೋಣೆಗೆ ಬಿಸಿಲು ಬರುತ್ತಿರಲಿಲ್ಲವಾದ್ದರಿಂದ.

ಅವರ ಇಂಗ್ಲಿಷಿನಲ್ಲಿ ಅರ್ಧ ಫಾರ್ಸಿ ಇರುತ್ತಿತ್ತು, ನನ್ನದರಲ್ಲಿ ಅರ್ಧ ಬೀದರು. ಕೆಲವು ಮಾತಿಗೆ ಇಂಗ್ಲಿಷು ಬೇಕಾಗುತ್ತಲೇ ಇರಲಿಲ್ಲ. ಕಾಗದ, ಖುಷಿ, ದರವಾಜಾ, ಅನಾರ್ ಎಂದರೆ ಇಬ್ಬರಿಗೂ ತಿಳಿಯುತ್ತಿತ್ತು. ಮೊದಲ ಸಲ ನಾನು ದಾಳಿಂಬೆಯನ್ನು ಅನಾರ್ ಎಂದಾಗ ಅವರು ಚಹಾ ಲೋಟ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿ ನೋಡಿದ್ದರು.

ಅವರ ಊರನ್ನು ನಾನು ಮೊದಲು ನೋಡಿದ್ದು ಒಂದು ಕಪ್ಪು ಕೋಟಿನ ಬಟ್ಟೆಯ ಮೇಲೆ. ಮನೆಯಲ್ಲೇ ಬಟ್ಟೆ ಹೊಲಿದುಕೊಡುವ, ಉದ್ದ ಗಿಡ್ಡ ಮಾಡಿಕೊಡುವ ಕೆಲಸ ಅವರದು. ಒಂದು ಬೆಳಿಗ್ಗೆ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದಿಂದ ನಾಲ್ಕು ಸುತ್ತು ಬರೆದರು. ಮರುಭೂಮಿಯ ಅಂಚಿನಲ್ಲಿ, ಬೆಟ್ಟದ ಬುಡದಲ್ಲಿ ನಾಲ್ಕು ಹಳ್ಳಿಗಳು. ಬೆಟ್ಟದ ನೀರನ್ನು ನೆಲದಡಿಯಲ್ಲಿ ತರುವ ಸುರಂಗ ಹೊರಬರುವಲ್ಲಿ ಮೇಲಿನೂರು. ಅದೇ ನೀರು ಇಳಿದು ಬರುವಲ್ಲಿ ಕೆಳಗಿನೂರು, ಅದು ಅವರದು. ಆಚೆಗೆ ಹಿಟ್ಟಿನ ಗಿರಣಿ ಇದ್ದ ಊರು, ಹೆದ್ದಾರಿಯ ಪಕ್ಕ ಉಪ್ಪಿನ ಊರು. ಖಾನಂ ಕೆನಡಾಕ್ಕೆ ಬಂದ ಮೇಲೆ ಸರ್ಕಾರ ಈ ನಾಲ್ಕನ್ನೂ ಸೇರಿಸಿ ಒಂದು ಪಟ್ಟಣ ಎಂದು ಘೋಷಿಸಿತಂತೆ. ಹೊಸ ಹೆಸರು ಕೊಟ್ಟು, ನಡುವಿನ ಹೊಲಗಳ ಮೇಲೆ ಅಗಲವಾದ ರಸ್ತೆ ಹಾಕಿ, ಪುರಸಭೆಯ ಕಟ್ಟಡವನ್ನು ಮೇಲಿನೂರಿನಲ್ಲಿ ಕಟ್ಟಿದರು. ಆ ಹೊಸ ಹೆಸರನ್ನು ಖಾನಂ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

"ಪಿನ್ ಚುಚ್ಚಿ ಬಿಟ್ಟಿದ್ದಾರೆ ಅಷ್ಟೇ, ಹೊಲಿದಿಲ್ಲ," ಎನ್ನುತ್ತಿದ್ದರು.

ನೀರಿಗಾಗಿ ಮೇಲಿನೂರಿಗೂ ಕೆಳಗಿನೂರಿಗೂ ಅಜ್ಜನ ಕಾಲದಿಂದ ಜಗಳ. ಖಾನಂ ಚಿಕ್ಕವರಿದ್ದಾಗ ಒಂದು ಬೇಸಿಗೆ ಮೇಲಿನೂರಿನವರು ಕಾಲುವೆಗೆ ಅಡ್ಡ ಕಟ್ಟಿ ನೀರು ತಿರುಗಿಸಿಕೊಂಡರು. ಇವರ ತಂದೆಯ ದಾಳಿಂಬೆ ತೋಟ ಒಣಗಿತು. ನೀರು ಹಂಚುವ ಅಧಿಕಾರವಿದ್ದ ಮೇಲಿನೂರಿನ ಮನುಷ್ಯನ ಮಗನೇ ಈಗ ಯಂಗ್ ಸ್ಟ್ರೀಟಿನಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದರು. ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಖಾನಂ ಮಾತ್ರ ಬಸ್ಸು ಹತ್ತಿ ದೂರದ ಇನ್ನೊಂದು ಅಂಗಡಿಯಿಂದ ರೊಟ್ಟಿ ತರುತ್ತಿದ್ದರು. ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ನಮ್ಮ ಬೀದರಿನಲ್ಲೂ ನೆಲದಡಿಯ ಸುರಂಗ ಬಾವಿಯಿದೆ ಎಂದು ನಾನು ಫೋಟೋ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ನಿಮ್ಮಲ್ಲಿ ನೀರು ಯಾರು ಕದ್ದರು?" ಎಂದು ಕೇಳಿದ್ದರು.

೨೦೧೯ರ ನವೆಂಬರಿನಲ್ಲಿ ಹಿಮ ಬೇಗ ಬಿತ್ತು. ಆ ವಾರದ ಶನಿವಾರ ಬೆಳಿಗ್ಗೆ ಖಾನಂ ಮೇಲಿನಿಂದ ನೆಲಕ್ಕೆ ಕಾಲು ತಟ್ಟಿ ನನ್ನನ್ನು ಕರೆದರು. ಅವರ ಅಕ್ಕ ವಿಡಿಯೋ ಕಾಲಿನಲ್ಲಿದ್ದರು. ಅಕ್ಕನಿಗೆ ಎಪ್ಪತ್ತು ದಾಟಿತ್ತು. ಹೆರಿಗೆ ಮಾಡಿಸುವ ನರ್ಸಾಗಿ ನಿವೃತ್ತರಾದವರು, ಕೆಳಗಿನೂರಿನಲ್ಲಿ ಆ ಹೊಸ ರಸ್ತೆಗೆ ತಾಗಿದ ಓಣಿಯಲ್ಲಿ ಒಬ್ಬರೇ ಇದ್ದರು. ಖಾನಂ ಅವರ ಎಡಗಿವಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಜೊತೆಗೆ ಕೈಯಲ್ಲಿ ಹೊಲಿಗೆ. ಹಾಗಾಗಿ ಫೋನು ಹಿಡಿದು ಕೂರುವ ಕೆಲಸ ನನಗೆ ಬರುತ್ತಿತ್ತು. ಅಲ್ಲಿ ಆಗ ಸಂಜೆ. ಅಕ್ಕ ನೆಲದ ಮೇಲೆ ಬಟ್ಟೆ ಹಾಸಿ ದಾಳಿಂಬೆ ಬಿಡಿಸುತ್ತಿದ್ದರು. ಹಣ್ಣನ್ನು ಅಂಗೈಯಲ್ಲಿ ಬೋರಲು ಹಿಡಿದು ಮರದ ಸೌಟಿನಿಂದ ಬಡಿದರೆ ಕಾಳು ತಾನಾಗಿ ಉದುರುವುದನ್ನು ನನಗೆ ತೋರಿಸಿದರು. ನಿನ್ನೆಯಿಂದ ಪೆಟ್ರೋಲಿನ ಬೆಲೆ ಏಕಾಏಕಿ ಏರಿದೆ, ಜನ ಬೀದಿಗಿಳಿದಿದ್ದಾರೆ ಎಂದೂ ಹೇಳಿದರು. ಖಾನಂ ಅದನ್ನು ನನಗೆ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿರುವಾಗಲೇ ಫೋನಿನೊಳಗಿಂದ ಹೊರಗಿನ ಕೂಗಾಟ ಕೇಳಿಸಿತು. ಅಕ್ಕ ತಲೆ ತಿರುಗಿಸಿದರು. ಏನೋ ಒಂದು ಮಾತು ಹೇಳಿ ಫೋನನ್ನು ನೆಲದ ಮೇಲೆ ಅಂಗಾತ ಇಟ್ಟು ಎದ್ದುಹೋದರು.

ನಮಗೆ ಮನೆಯ ಛಾವಣಿ ಮಾತ್ರ ಕಾಣುತ್ತಿತ್ತು. ಒಂದು ಟ್ಯೂಬ್‌ಲೈಟು, ಪಕ್ಕದಲ್ಲಿ ನೀರು ಸೋರಿ ಆದ ಹಳದಿ ಕಲೆ. ಓಡುವ ಹೆಜ್ಜೆಗಳ ಸದ್ದು. ಆಮೇಲೆ ಒಂದು ಶಬ್ದ, ಚಿಕ್ಕದು, ಒಣ. ಸ್ವಲ್ಪ ತಡೆದು ಇನ್ನೆರಡು. ಚಿತ್ರ ಅಲ್ಲಿಗೇ ನಿಂತುಹೋಯಿತು.

"ಏನದು ಶಬ್ದ?" ಖಾನಂ ಸೂಜಿ ಹಿಡಿದ ಕೈಯನ್ನು ಹಾಗೇ ಮೇಲೆತ್ತಿಕೊಂಡು ಕೇಳಿದರು. "ನನಗೆ ಸರಿಯಾಗಿ ಕೇಳಲಿಲ್ಲ. ಏನದು?"

ಅಂಥ ಶಬ್ದವನ್ನು ನಾನು ಅದಕ್ಕೆ ಮೊದಲು ಹತ್ತಿರದಿಂದ ಕೇಳಿದವಳಲ್ಲ, ಆದರೂ ಅದು ಪಟಾಕಿಯಲ್ಲ ಎಂದು ಮೈಗೆ ಗೊತ್ತಾಗಿತ್ತು.

"ದರವಾಜಾ, ಖಾನಂ," ಎಂದೆ. "ಗಾಳಿಗೆ ಬಡಿದಿರಬೇಕು."

ಅವರು ನನ್ನ ಮುಖವನ್ನು ನೋಡಿ, ಆಮೇಲೆ ಫೋನನ್ನು ನೋಡಿದರು. ಅವರ ಫೋನಿಂದಲೂ ನನ್ನ ಫೋನಿಂದಲೂ ಮತ್ತೆ ಕರೆ ಮಾಡಿದೆವು. ಹೋಗಲಿಲ್ಲ. ಇಪ್ಪತ್ತು ಸಲವೋ ಮೂವತ್ತು ಸಲವೋ ಮಾಡಿರಬೇಕು. ಕಳಿಸಿದ ಮೆಸೇಜುಗಳೆಲ್ಲ ಒಂದೇ ಒಂದು ಟಿಕ್ ತೋರಿಸಿಕೊಂಡು, ಅಲ್ಲಿಗೆ ಮುಟ್ಟದೆ ನಿಂತವು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಇಡೀ ದೇಶದ ಇಂಟರ್ನೆಟ್ಟನ್ನೇ ನಿಲ್ಲಿಸಿದ್ದಾರೆ.

ಭಾನುವಾರ ನಾನು ಮೇಲೆ ಹೋದಾಗ ಖಾನಂ ಹಿಂದಿನ ದಿನದ ಬಟ್ಟೆಯಲ್ಲೇ ಕುಳಿತಿದ್ದರು. ಟಿವಿಯಲ್ಲಿ ಒಂದೇ ಹತ್ತು ಸೆಕೆಂಡಿನ ವಿಡಿಯೋವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಯಾವುದೋ ಊರು, ಹೊಗೆ, ಓಡುವ ಜನ. ಅವರು ಟಿವಿಯ ಹತ್ತಿರ ಹೋಗಿ ನಿಂತು ಗೋಡೆಗಳನ್ನು, ಮರಗಳನ್ನು ಗುರುತು ಹಿಡಿಯಲು ನೋಡುತ್ತಿದ್ದರು. ವ್ಯಾಂಕೂವರಿನಿಂದ ಮಗಳು ಫೋನು ಮಾಡಿ ಇಂಗ್ಲಿಷಿನಲ್ಲಿ ಟಿವಿ ಆರಿಸಮ್ಮ ಎಂದು ಬೇಡಿಕೊಂಡಳು. ಆಮೇಲೆ ಅವಳೇ ಅಳತೊಡಗಿದಳು. ಟೆಹರಾನಿನಲ್ಲಿದ್ದ ಒಬ್ಬ ಬಂಧುವಿಗೆ ಹೇಗೋ ಒಮ್ಮೆ ಲೈನು ಸಿಕ್ಕಿತು. ಅವರಿಗೂ ಏನೂ ಗೊತ್ತಿರಲಿಲ್ಲ. ಅಕ್ಕನ ಮೊಬೈಲು ಸ್ವಿಚ್ಡ್ ಆಫ್.

ನನ್ನ ಭಯ ಬೇರೆಯೇ ಆಗಿತ್ತು. ಖಾನಂಗೆ ಏನಾಗಿದೆಯೋ ಎಂಬ ಹೆದರಿಕೆ ಇದ್ದರೆ, ನನಗೆ ಏನು ಕೇಳಿಸಿತ್ತು ಎಂಬ ಹೆದರಿಕೆಯಿತ್ತು. ಕಾಫಿ ಅಂಗಡಿಯಲ್ಲಿ ಯಾರೋ ಟ್ರೇ ಜೋರಾಗಿ ಇಟ್ಟರೂ ಬೆಚ್ಚಿ ಬೀಳುತ್ತಿದ್ದೆ. ಸೋಮವಾರ ನನ್ನ ಜೊತೆ ಶಿಫ್ಟಲ್ಲಿದ್ದ ಬೆಂಗಳೂರಿನ ಗೆಳತಿ, ನನ್ನ ಕ್ಲಾಸಿನವಳೇ, ಹಿಂದಿನ ಸ್ಟೋರ್‌ರೂಮಿಗೆ ಕರೆದೊಯ್ದು ಏನಾಯಿತೆಂದು ಕೇಳಿದಳು. ಹೇಳಿದೆ.

"ಲೇ, ನಿಂಗ್ಯಾಕೆ ಬೇಕಿತ್ತು ಇದೆಲ್ಲ?" ಎಂದಳು. "ನೀನು ಸ್ಟಡಿ ಪರ್ಮಿಟ್ಟಲ್ಲಿ ಇರೋಳು. ಆ ಕಂಟ್ರಿಗೆ ನಿನ್ನ ಫೋನಿಂದ ಅಷ್ಟೊಂದು ಕಾಲ್ ಹೋಗಿದ್ರೆ, ನಾಳೆ ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀಯ? ಇಲ್ಲೇ ಉಳಿಯೋಕೆ ಪಿಆರ್ ಹಾಕೋವಾಗ ಪ್ರಾಬ್ಲಮ್ ಆಗುತ್ತೆ, ನೋಡ್ತಿರು."

"ಒಬ್ರ ಅಕ್ಕಗ ಫೋನ್ ಮಾಡೋದ್ರಾಗ ಏನ್ ತಪ್ಪದ?"

"ತಪ್ಪು ಅಂತ ನಾನೆಲ್ಲಿ ಹೇಳ್ದೆ? ಹೆದರಿಕೆ ಆಗುತ್ತೆ ಕಣೇ, ಅಷ್ಟೇ."

ಅವಳ ಹೆದರಿಕೆ ನನಗೂ ಅಂಟಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಫೋನಿನ ಕಾಲ್ ಪಟ್ಟಿ ತೆಗೆದು ಆ ನಂಬರುಗಳನ್ನೆಲ್ಲ ಅಳಿಸಿಹಾಕಿದೆ. ಅಳಿಸಿದ ಕೂಡಲೇ ನಾಚಿಕೆಯಾಯಿತು. ಮನೆ ಸೇರಿ, ಬೀದರಿನಲ್ಲಿ ಬೆಳಗಾಗುವ ಹೊತ್ತಿಗೆ ಅವ್ವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಐದನೆಯ ಸಲ ಅವಳು ಎತ್ತಿದಾಗ ನನಗೆ ಅಳು ಬಂತು.

"ಯಾಕವ್ವಾ, ಯಾಕ ಅಳ್ಲಾಕತ್ತಿ? ಫೋನ್ ಚಾರ್ಜಿಗಿ ಹಚ್ಚಿದ್ದೆ, ನಾ ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ. ಏನಾಗ್ಯದ ಹೇಳು."

ಏನೂ ಆಗಿಲ್ಲ ಎಂದೆ. ನಿಜವಾಗಿಯೂ ನನಗೆ ಏನೂ ಆಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಖಾನಂ ಒಂದು ಹಳೆಯ ನೋಟುಬುಕ್ಕು ಹುಡುಕಿ ತೆಗೆದಿದ್ದರು. ಗಂಡ ಬದುಕಿದ್ದಾಗ ಬರೆದಿಟ್ಟಿದ್ದ ಫೋನು ನಂಬರುಗಳು. ಇಂಟರ್ನೆಟ್ಟು ಸತ್ತರೂ ಮನೆಗಳ ಹಳೆಯ ತಂತಿ ಫೋನುಗಳು ಕೆಲಸ ಮಾಡುತ್ತಿವೆ ಎಂದು ಯಾರೋ ಹೇಳಿದ್ದರಂತೆ. ಅಕ್ಕನ ಮನೆಯಲ್ಲಿ ಅಂಥ ಫೋನೊಂದು ಇತ್ತು. ವಿಡಿಯೋ ಕಾಲು ಬಂದ ಮೇಲೆ ಅದಕ್ಕೆ ಯಾರೂ ಕರೆ ಮಾಡಿರಲಿಲ್ಲ. ನಾನು ಹೊರದೇಶಕ್ಕೆ ಮಾತಾಡುವ ಕಾಲಿಂಗ್ ಕಾರ್ಡು ತಂದು ಆ ನಂಬರು ಒತ್ತಿದೆ. ಒಂದು ಹೆಣ್ಣುದನಿ ಫಾರ್ಸಿಯಲ್ಲಿ ಏನೋ ಓದಿತು.

"ಈ ನಂಬರು ಇಲ್ಲವಂತೆ," ಖಾನಂ ಹೇಳಿದರು. ಆದರೂ ಆ ದನಿಯನ್ನು ಇನ್ನೆರಡು ಸಲ ಕೇಳಿದರು. ಅದು ಅಲ್ಲಿಂದ ಬರುತ್ತಿದ್ದ ದನಿಯಾಗಿತ್ತಲ್ಲ.

ನಂಬರಿನ ಅಂಕಿಗಳು ಕಡಿಮೆಯಿದ್ದವು. ನಾನು ಚಿಕ್ಕವಳಿದ್ದಾಗ ನಮ್ಮೂರಿನ ಫೋನು ನಂಬರುಗಳ ಮುಂದೆಲ್ಲ ಎರಡು ಎಂಬ ಅಂಕಿ ಸೇರಿಸಿದ್ದು ನೆನಪಾಯಿತು. ಅಂಗಡಿಗಳ ಬೋರ್ಡುಗಳ ಮೇಲೆ ಪೇಂಟಿನಲ್ಲಿ ಒಂದೊಂದು 'ಎರಡು' ತುರುಕಿ ಬರೆದಿದ್ದರು. ಅಲ್ಲಿಯೂ ನಾಲ್ಕು ಹಳ್ಳಿ ಸೇರಿಸಿದಾಗ ಹಾಗೇ ಮಾಡಿರಬಹುದು ಎಂದು ಮುಂದೆ ಒಂದೊಂದೇ ಅಂಕಿ ಹಾಕಿ ನೋಡಿದೆವು. ಒಂದಕ್ಕೆ ರಿಂಗಾಯಿತು. ಒಬ್ಬ ಗಂಡಸು ಎತ್ತಿದ. ಖಾನಂ ಅಕ್ಕನ ಹೆಸರು ಹೇಳಿದರು. ಆತ ಯಾರು ನೀವು, ಎಲ್ಲಿಂದ, ಯಾಕೆ ಎಂದು ಒಂದೇ ಉಸಿರಿಗೆ ಕೂಗಿ ಫೋನಿಟ್ಟ. ಖಾನಂ ನೋಟುಬುಕ್ಕು ಮುಚ್ಚಿದರು.

"ಅಕ್ಕನ ಹೆಸರು ಹೇಳಿಬಿಟ್ಟೆ," ಎಂದರು. "ಯಾರಿಗೆ ಹೇಳಿದೆನೋ ಗೊತ್ತಿಲ್ಲ."

ಸ್ವಲ್ಪ ಹೊತ್ತು ಅವರು ಕಿಟಕಿಯ ಹತ್ತಿರ ನಿಂತಿದ್ದರು. ಆಮೇಲೆ ಕೋಟು ಹಾಕಿಕೊಂಡು, "ನಡಿ, ಆ ಮನುಷ್ಯನಿಗೆ ಗೊತ್ತಿರುತ್ತದೆ," ಎಂದರು. ಯಾವ ಮನುಷ್ಯ ಎಂದು ನಾನು ಕೇಳಲಿಲ್ಲ.

ರೊಟ್ಟಿ ಅಂಗಡಿಯಲ್ಲಿ ನಾಲ್ಕೈದು ಜನ ಸಾಲಿನಲ್ಲಿದ್ದರು. ಒಲೆಯೊಳಗೆ ಕಾದ ಸಣ್ಣ ಕಲ್ಲುಗಳ ಮೇಲೆ ಉದ್ದನೆಯ ರೊಟ್ಟಿಗಳು ಬೇಯುತ್ತಿದ್ದವು. ಮಾಲೀಕರಿಗೆ ಎಪ್ಪತ್ತರ ಹತ್ತಿರ. ಎಲ್ಲರೂ ಅವರನ್ನು ಆಗಾ ಎನ್ನುತ್ತಿದ್ದರು, ನಮ್ಮಲ್ಲಿ ಯಜಮಾನರೇ ಎಂದ ಹಾಗೆ. ಖಾನಂ ಸಾಲಿನಲ್ಲಿ ನಿಲ್ಲಲಿಲ್ಲ, ಕೌಂಟರಿಗೂ ಹೋಗಲಿಲ್ಲ. ಬಾಗಿಲ ಬಳಿಯೇ ನಿಂತರು. ಖಾನಂ ಅವರನ್ನು ನೋಡಿ ಆಗಾ ಕೈಯಲ್ಲಿದ್ದ ರೊಟ್ಟಿ ತೆಗೆಯುವ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಖಾನಂ ಫಾರ್ಸಿಯಲ್ಲಿ ನಿಧಾನವಾಗಿ, ಒಂದೊಂದೇ ಮಾತು ಎತ್ತಿ ಇಟ್ಟಹಾಗೆ ಹೇಳಿದರು. ಆಗಾ ಕೇಳುತ್ತ ಕೇಳುತ್ತ ಏಪ್ರನ್ನು ಬಿಚ್ಚಿ, ಒಲೆಯನ್ನು ಕೆಲಸದವರಿಗೆ ಒಪ್ಪಿಸಿ, ನಮ್ಮನ್ನು ಹಿಂದಿನ ಹಿಟ್ಟಿನ ಚೀಲಗಳ ಕೋಣೆಗೆ ಕರೆದರು.

ನನ್ನನ್ನು ನೋಡಿ ಇಂಗ್ಲಿಷಿಗೆ ಹೊರಳಿದರು. "ನಿಮ್ಮ ಖಾನಂ ಹನ್ನೊಂದು ವರ್ಷದಿಂದ ನನ್ನ ಅಂಗಡಿ ಮುಂದೆ ಬಸ್ಸಿಗೆ ಕಾಯುತ್ತಾರೆ. ಗಾಜಿನಲ್ಲಿ ನೋಡುತ್ತಿರುತ್ತೇನೆ. ಒಂದು ದಿನವೂ ತಲೆ ತಿರುಗಿಸಿಲ್ಲ."

"ನಂಬರು ಗೊತ್ತಿದೆಯೇ, ಆಗಾ?" ಎಂದೆ.

ಗೊತ್ತಿತ್ತು. ಊರು ಸೇರಿಸಿದಾಗ ಒಂದೊಂದು ಹಳ್ಳಿಗೆ ಬೇರೆ ಬೇರೆ ಎರಡೆರಡು ಅಂಕಿ ಕೊಟ್ಟಿದ್ದರಂತೆ. ಕೆಳಗಿನೂರಿನದು ಅವರಿಗೆ ಬಾಯಿಪಾಠವಿತ್ತು. ಯಾಕೆ ಎಂದು ಹೇಳಲಿಲ್ಲ. ಅಕ್ಕನ ಮನೆಗೆ ಅವರೇ ಕರೆ ಮಾಡಿದರು. ಈ ಸಲ ರಿಂಗಾಯಿತು. ಖಾನಂ ಕೇಳಿಸುವ ಬಲಗಿವಿಯನ್ನು ಫೋನಿಗೆ ಒತ್ತಿಹಿಡಿದರು. ರಿಂಗಾಗುತ್ತಲೇ ಇತ್ತು. ಅದು ತಾನಾಗಿ ನಿಂತುಹೋದ ಮೇಲೆ ಮತ್ತೆ ಮಾಡಿದೆವು. ಆ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ. ನಂಬರು ಸಿಗದಿದ್ದಾಗ ಇದ್ದ ಹೆದರಿಕೆಗಿಂತ ಇದು ದೊಡ್ಡದಾಗಿತ್ತು.

ಆಗಾ ಆಮೇಲೆ ಮೇಲಿನೂರಿನಲ್ಲಿದ್ದ ತಮ್ಮ ಅಣ್ಣನಿಗೆ ಮಾಡಿದರು. ಆ ಮುದುಕರು ಎತ್ತಿದರು. ಸ್ಪೀಕರಿನಲ್ಲಿ ಅವರ ದನಿ ಕೇಳಿಸಿದಾಗ ನಾನು ಅಳುವಂತಾದೆ. ಆಗಾ ನೇರವಾಗಿ ಏನೂ ಕೇಳಲಿಲ್ಲ. ಲೈನನ್ನು ಯಾರಾದರೂ ಕೇಳುತ್ತಿರಬಹುದೆಂದು ಹವಾಮಾನ ಕೇಳಿದರು, ಮಂಡಿನೋವು ಕೇಳಿದರು. ಆಮೇಲೆ, ಕೆಳಗಿನೂರಿನ ನರ್ಸಮ್ಮನಿಗೆ ತಂಗಿ ಸಲಾಂ ಹೇಳಿದ್ದಾಳೆ, ಮುಟ್ಟಿಸಬಹುದೇ ಎಂದರು. ಅಣ್ಣ, "ಅಗಲ ರಸ್ತೆ ದಾಟಬೇಕಲ್ಲ," ಎಂದರಂತೆ. ಆಮೇಲೆ, "ನಾಳೆ ಬೆಳಿಗ್ಗೆ ಹೋಗುತ್ತೇನೆ," ಎಂದರು.

ನಾವು ಹೊರಡುವಾಗ ಆಗಾ ಒಂದು ಬಿಸಿ ರೊಟ್ಟಿ ಸುತ್ತಿ ಕೊಟ್ಟರು. ಖಾನಂ ಅದನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ. ನಾನು ತೆಗೆದುಕೊಂಡೆ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿಗೆ ಹೋದೆವು. ಅಲ್ಲಿ ಸಂಜೆಯಾಗಿತ್ತು. ಆಗಾ ಆಗಲೇ ಅಣ್ಣನ ಮನೆಗೆ ಕರೆ ಮಾಡಿದ್ದರು. ಅತ್ತಿಗೆ ಎತ್ತಿದ್ದರು. ಗಂಡ ಬೆಳಿಗ್ಗೆಯೇ ಹೋದವರು ಇನ್ನೂ ಬಂದಿಲ್ಲ.

ಗುರುವಾರ ಅತ್ತಿಗೆಯ ನಂಬರೂ ಸಿಗಲಿಲ್ಲ.

ಆ ದಿನ ಆಗಾ ಒಲೆ ಹಚ್ಚಿರಲಿಲ್ಲ. ಅಂಗಡಿಯೊಳಗೆ ಚಳಿಯಿತ್ತು. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಾಗಿದ್ದವು. ನಾವು ಒಳಗೆ ಕಾಲಿಟ್ಟ ಕೂಡಲೇ ಖಾನಂ ಮೇಲೆ ಹರಿಹಾಯ್ದರು. ಫಾರ್ಸಿಯಲ್ಲಿ ಅವರು ಹೇಳಿದ್ದನ್ನು ಖಾನಂ ಆಮೇಲೆ ನನಗೆ ತಿಳಿಸಿದರು: ನಿನ್ನ ಅಕ್ಕನಿಗಾಗಿ ನಾನು ನನ್ನ ಅಣ್ಣನನ್ನು ಕಳಿಸಿದೆ. ಎಪ್ಪತ್ತೈದು ವರ್ಷದ ಮನುಷ್ಯ, ಮಂಡಿ ಸರಿಯಿಲ್ಲ, ಆ ರಸ್ತೆ ದಾಟಲು ಕಳಿಸಿದೆ. ಖಾನಂ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಗಾ ನನ್ನ ಕಡೆ ತಿರುಗಿದರು.

"ಆ ಶನಿವಾರ ಫೋನು ನಿನ್ನ ಕೈಯಲ್ಲಿತ್ತು. ಕಟ್ಟಾಗುವ ಮುಂಚೆ ಏನಾದರೂ ಕೇಳಿಸಿತೇ? ನಿಜ ಹೇಳು."

ಖಾನಂ ನನ್ನ ಪಕ್ಕದಲ್ಲೇ ಇದ್ದರು, ಕೇಳಿಸುವ ಕಿವಿ ನನ್ನ ಕಡೆಗಿತ್ತು. ಸುಳ್ಳು ಹೇಳಬಹುದಿತ್ತು. ಆದರೆ ಆಗಾ ತಮ್ಮ ಅಣ್ಣನನ್ನು ಕಳಿಸಿದ್ದರು. ನಾನು ಮೊದಲೇ ನಿಜ ಹೇಳಿದ್ದರೆ ಕಳಿಸುತ್ತಿದ್ದರೇ? ಆ ಯೋಚನೆ ಹಿಂದಿನ ದಿನವೇ ಬಂದಿತ್ತು. ಅದನ್ನು ಪೂರ್ತಿ ಯೋಚಿಸಲು ಧೈರ್ಯವಾಗಿರಲಿಲ್ಲ.

"ಮೂರು ಸಲ," ಎಂದೆ. "ಮೊದಲು ಒಂದು, ಆಮೇಲೆ ಎರಡು. ಗುಂಡು ಅಂತ ನನಗನಿಸಿತು. ನಾನು ಖಾನಂಗೆ ಬಾಗಿಲು ಅಂತ ಹೇಳಿದೆ."

ಆಗಾ ಹಿಟ್ಟಿನ ಚೀಲದ ಮೇಲೆ ಕುಳಿತುಬಿಟ್ಟರು. ನನಗೆ ಖಾನಂ ಕಡೆ ನೋಡಲಾಗಲಿಲ್ಲ. ಅವರು ನನ್ನ ತೋಳು ಹಿಡಿದುಕೊಂಡರು, ಬೀಳದಿರಲು ಹಿಡಿದುಕೊಳ್ಳುವ ಹಾಗೆ.

"ನಿನ್ನ ಮುಖ ನೋಡಿದಾಗಲೇ ನನಗೆ ಗೊತ್ತಾಗಿತ್ತು," ಎಂದರು. "ನೀನು ಬಾಗಿಲು ಅಂದೆ, ನಾನೂ ಬಾಗಿಲು ಅಂತಲೇ ಇಟ್ಟುಕೊಂಡೆ. ಇನ್ನೊಂದು ಸಲ ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ. ಅದಕ್ಕೇ ಕೇಳಲಿಲ್ಲ."

ಆಗಾ ಎದ್ದು ಚಹಾ ಮಾಡಿದರು. ಮೂವರೂ ಕೋಟು ಬಿಚ್ಚದೆಯೇ ಕುಳಿತು ಕುಡಿದೆವು. ಆ ದಿನ ನಾನು ಕ್ಲಾಸಿಗೆ ಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ಎರಡೂ ನಂಬರುಗಳಿಗೆ ಕರೆ ಮಾಡುವುದು, ಇಡುವುದು. ಹೊರಗೆ ರೊಟ್ಟಿಗೆ ಬಂದವರು ಬಾಗಿಲು ತಳ್ಳಿ ನೋಡಿ ಹೋಗುತ್ತಿದ್ದರು. ಪ್ರತಿ ಸಲ ಬಾಗಿಲು ಅಲುಗಿದಾಗಲೂ ಮೂವರೂ ತಲೆಯೆತ್ತುತ್ತಿದ್ದೆವು.

ಫೋನು ಬಂದದ್ದು ಶುಕ್ರವಾರ, ಅಲ್ಲಿಂದಲೇ, ಆಗಾ ಅವರ ಮೊಬೈಲಿಗೆ. ಬೆಳಿಗ್ಗೆ ಎಂದಿನಂತೆ ನಾವು ಅಂಗಡಿ ಮುಟ್ಟುವಷ್ಟರಲ್ಲಿ ಆಗಾ ರಸ್ತೆಯಲ್ಲಿ ನಿಂತಿದ್ದರು, ಕೋಟಿಲ್ಲದೆ, ಹಿಮದ ಮೇಲೆ ಚಪ್ಪಲಿಯಲ್ಲಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಓಡಿ ಬನ್ನಿ ಎಂದು ಕೂಗಿದರು. ಖಾನಂ ಆ ವಯಸ್ಸಿನಲ್ಲಿ ಓಡಿದ್ದನ್ನು ನಾನು ನೋಡಿದೆ.

ಲೈನಿನಲ್ಲಿ ಅವರ ಅಕ್ಕನೇ ಇದ್ದರು. ಖಾನಂ ಫೋನನ್ನು ಬಲಗಿವಿಗೆ ಒತ್ತಿಕೊಂಡರು. ಕೇಳುತ್ತ ನಿಂತರು, ಬಾಯಿ ತೆರೆದಿತ್ತು. ನನಗೆ ತಿಳಿದದ್ದು ಅನಾರ್ ಎಂಬ ಒಂದೇ ಮಾತು. ಅದು ಮತ್ತೆ ಮತ್ತೆ ಬಂತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಕಟ್ಟಾಯಿತು. ಅಕ್ಕ ಹೇಳಿದ್ದು ಇಷ್ಟೇ ಎಂದು ಖಾನಂ ನಮಗೆ ಹೇಳಿದರು: ಈ ವರ್ಷ ದಾಳಿಂಬೆ ಬಹಳ, ಒಬ್ಬಳಿಂದ ಆಗುತ್ತಿರಲಿಲ್ಲ, ಮೇಲಿನೂರಿನ ಹಿರಿಯರು ಬಂದು ಎರಡು ದಿನ ಇದ್ದು ಸಹಾಯ ಮಾಡಿದರು. ಒಂದು ಬುಟ್ಟಿಯ ಹಣ್ಣು ಪೆಟ್ಟಾಗಿತ್ತು, ಅದನ್ನು ಮನೆಗೆ ಕಳಿಸಿದೆವು. ಈಗ ಅವರೂ ತಮ್ಮ ಮನೆ ಮುಟ್ಟಿದ್ದಾರೆ.

"ನಮ್ಮ ತೋಟ ಹೋಗಿ ಐವತ್ತು ವರ್ಷವಾಯಿತು," ಎಂದರು ಖಾನಂ. "ಅಕ್ಕನಿಗೆ ಬುಟ್ಟಿಗಟ್ಟಲೆ ದಾಳಿಂಬೆ ಎಲ್ಲಿಂದ ಬಂತು?"

ಆಗಾ ಒಳಗೆ ಹೋಗಿ ಒಲೆ ಹಚ್ಚಿದರು. ನಾನು ಹಿಟ್ಟಿನ ಚೀಲಗಳ ನಡುವೆ ಕುಳಿತು ಅತ್ತೆ. ಖುಷಿಗೆ ಎಂದುಕೊಂಡೆ, ಆದರೆ ಹೆದರಿಕೆ ಹೋಗಿರಲಿಲ್ಲ. ಲೈನು ಕದ್ದು ಕೇಳುವವರಿಗೆ ತಿಳಿಯದಂತೆ ಅಕ್ಕ ಹಣ್ಣಿನ ಮಾತಾಡಿದ್ದರು. ಇಬ್ಬರೂ ಬದುಕಿದ್ದಾರೆ ಎಂಬುದು ತಿಳಿದಿತ್ತು. ಪೆಟ್ಟಾದ ಬುಟ್ಟಿ ಯಾರು ಎಂಬುದು ತಿಳಿದಿರಲಿಲ್ಲ.

ಅದು ತಿಳಿದದ್ದು ಡಿಸೆಂಬರಿನಲ್ಲಿ, ಅಷ್ಟರಲ್ಲಿ ಇಂಟರ್ನೆಟ್ಟು ಮರಳಿತ್ತು. ಅಕ್ಕ ವಿಡಿಯೋದಲ್ಲಿ ಬರುತ್ತಿದ್ದರು, ನಗುತ್ತಿದ್ದರು, ಆ ವಾರದ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಆಗಾ ಅವರ ಬಂಧುವೊಬ್ಬರು ಅಲ್ಲಿಂದ ಟೊರಾಂಟೊಕ್ಕೆ ಬಂದರು. ಅವರು ಆ ಹಿಟ್ಟಿನ ಕೋಣೆಯಲ್ಲೇ ಕುಳಿತು ಹೇಳಿದರು. ಆ ಶನಿವಾರ ಸಂಜೆ ಅಕ್ಕ ಫೋನು ಕೆಳಗಿಟ್ಟು ಓಣಿಯ ಬಾಗಿಲು ತೆರೆದಿದ್ದರು. ಓಡಿಬರುತ್ತಿದ್ದವರಲ್ಲಿ ಮೂವರು ಒಳಗೆ ನುಗ್ಗಿದರು. ಒಬ್ಬನ ತೊಡೆಯಿಂದ ರಕ್ತ ಸುರಿಯುತ್ತಿತ್ತು. ಗಿರಣಿಯೂರಿನವನು, ಲಾರಿ ಓಡಿಸುವವನು, ಇಬ್ಬರು ಮಕ್ಕಳ ತಂದೆ. ಆಸ್ಪತ್ರೆಗೆ ಹೋದರೆ ಹಿಡಿಯುತ್ತಾರೆಂದು ಅವನು ಹೋಗಲೊಲ್ಲ. ಅಕ್ಕ ಜೀವಮಾನವಿಡೀ ಹೆರಿಗೆ ಮಾಡಿಸಿದ್ದ ಕೈಯಿಂದ ಗಾಯ ಕಟ್ಟಿದರು. ಜೊತೆಯವರು ಮರುದಿನ ಹೊರಟುಹೋದರು. ಆಮೇಲೆ ಫೋನು ರಿಂಗಾದಾಗಲೆಲ್ಲ ಯಾರೋ ಪತ್ತೆ ಹಚ್ಚಲು ಮಾಡುತ್ತಿದ್ದಾರೆಂದು ಆ ಮುದುಕಿ ಕತ್ತಲು ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರಂತೆ.

ಅದನ್ನು ಕೇಳಿದಾಗ ನಾನು ಖಾನಂ ಮುಖ ನೋಡಿದೆ. ಅವೆಲ್ಲ ನಾವು ಮಾಡಿದ್ದ ಕರೆಗಳು.

ಬುಧವಾರ ಆಗಾ ಅವರ ಅಣ್ಣ ಹೋಗಿ ಬಾಗಿಲು ತಟ್ಟಿದಾಗಲೂ ಅಕ್ಕ ತೆರೆಯಲಿಲ್ಲ. ಅವರು ಓಣಿಯಲ್ಲೇ ನಿಂತು, ನಾನು ನೀರು ಹಂಚುತ್ತಿದ್ದವರ ದೊಡ್ಡ ಮಗ ಎಂದು ಹೇಳಿದರು. ಅದನ್ನು ಕೇಳಿ ಅಕ್ಕ ಒಳಗಿನಿಂದಲೇ, "ಅವರ ಮನೆಯವರು ನಮ್ಮ ಹೊಸ್ತಿಲು ತುಳಿಯುವುದಿಲ್ಲ, ಸುಳ್ಳು ಹೇಳಬೇಡ," ಎಂದರಂತೆ. ಕೊನೆಗೆ ತಂಗಿಯ ಹೆಸರು, ರಿಚ್ಮಂಡ್ ಹಿಲ್ಲಿನ ಹೆಸರು ಹೇಳಿದ ಮೇಲೆ ತೆರೆದರು, ಆದರೆ ಗಾಯಾಳು ಮನೆಯಲ್ಲಿರುವವರೆಗೆ ಫೋನು ಮುಟ್ಟಬಾರದು ಎಂದರು. ಅಗಲ ರಸ್ತೆಯನ್ನು ಎರಡು ದಿನ ಮುಚ್ಚಿದ್ದರಿಂದ ಅವರು ಅಲ್ಲೇ ಉಳಿದರು. ಗುರುವಾರ ಆ ಗಾಯಾಳುವನ್ನು ಹಣ್ಣಿನ ಪೆಟ್ಟಿಗೆಗಳ ನಡುವೆ ಮಲಗಿಸಿ ಒಂದು ಪಿಕಪ್ ಗಾಡಿಯಲ್ಲಿ ಹಿಂದಿನ ಹೊಲದ ದಾರಿಯಿಂದ ಅವನ ಮಾವನ ಹಳ್ಳಿಗೆ ಕಳಿಸಿದರು. ಅವನು ಬದುಕಿದ, ಕೋಲು ಹಿಡಿದು ನಡೆಯುತ್ತಾನೆ. ಅದೇ ಓಣಿಯ ಇನ್ನಿಬ್ಬರು ಮನೆಗೆ ಬರಲಿಲ್ಲ. ಅವರಲ್ಲಿ ಒಬ್ಬಳನ್ನು ಖಾನಂ ತೊಟ್ಟಿಲಲ್ಲಿ ಕಂಡಿದ್ದರು. ಆ ಹೆಸರು ಕೇಳಿದ ಮೇಲೆ ಅವರು ಎದ್ದು ಅಂಗಡಿಯ ಹೊರಗೆ ಹೋಗಿ ನಿಂತರು. ಆಗಾ ಹಿಂದೆಯೇ ಹೋಗಿ, ದೂರದಲ್ಲಿ ನಿಂತುಕೊಂಡರು.

ಯಾರು ಹೊಡೆದರು, ಯಾರನ್ನು ಗುರಿಯಿಟ್ಟು ಹೊಡೆದರು ಎಂದು ಆ ಬಂಧುವಿಗೂ ಗೊತ್ತಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ ಎಂದರು.

ನಾನು ಗುಣವಾಗಲು ಬಹಳ ದಿನ ಹಿಡಿಯಿತು, ಏನೂ ಆಗದವಳು ಗುಣವಾಗುವುದು ಎನ್ನಬಹುದಾದರೆ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಎತ್ತುತ್ತೇನೆ. ಅವ್ವ ಎತ್ತದಿದ್ದರೆ ಪಕ್ಕದ ಮನೆಯವರಿಗೆ ಮಾಡಿಬಿಡುತ್ತೇನೆ, ಆಕೆ ಬೈಯುತ್ತಾಳೆ. ಅಳಿಸಿದ ಕಾಲ್ ಪಟ್ಟಿಯ ವಿಷಯವನ್ನು ಖಾನಂಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ.

ಕೋರ್ಸು ಮುಗಿದ ಮೇಲೆ ದೂರದ ವಿಟ್ಬಿ ಎಂಬ ಊರಿನ ಒಂದು ಶಿಶುವಿಹಾರದಲ್ಲಿ ನನಗೆ ಕೆಲಸ ಸಿಕ್ಕಿತು. ಹೊರಡುವ ದಿನ ಖಾನಂ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದರು. ದಾರಿಯಲ್ಲಿ ರೊಟ್ಟಿ ಕೊಳ್ಳಲು ಆಗಾ ಅಂಗಡಿಗೆ ಹೋದೆವು. ಎಲ್ಲರಂತೆ ಖಾನಂ ಸಾಲಿನಲ್ಲಿ ನಿಂತರು. ತಮ್ಮ ಸರದಿ ಬಂದಾಗ, ಅಲ್ಲಿ ಸರ್ಕಾರ ಹೊಸದಾಗಿ ಕಟ್ಟುವ ಆಸ್ಪತ್ರೆ ಈ ಸಲ ಕೆಳಗಿನೂರಿನಲ್ಲೇ ಆಗಬೇಕು, ನಿಮ್ಮೂರಿಗೆ ಆಗಲೇ ಪುರಸಭೆ ಹೋಗಿದೆ ಎಂದರು. ನಿಮ್ಮೂರಿನಲ್ಲಿ ಆಂಬುಲೆನ್ಸ್ ತಿರುಗಿಸಲೂ ಜಾಗವಿಲ್ಲ ಎಂದು ಆಗಾ ರೊಟ್ಟಿ ತೂಗಾಡಿಸುತ್ತ ಹೇಳಿದರು. ಖಾನಂ ದನಿ ಏರಿತು. ಆಗಾ ದನಿ ಅದಕ್ಕಿಂತ ಏರಿತು. ಹಿಂದಿದ್ದವರು ಗೊಣಗತೊಡಗಿದರು. ನಾನು ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತು, "ಖಾನಂ, ಬಸ್ಸು ಬಂತು," ಎಂದೆ. ಅವರು ತಿರುಗದೆಯೇ ಒಂದು ನಿಮಿಷ ಎಂದು ಕೈ ತೋರಿಸಿದರು. ಆ ಬಸ್ಸು ಹೋಯಿತು. ನಾನು ಮುಂದಿನದಕ್ಕೆ ಕಾದೆ.